ಷಡ್ಡಕ ಹಾಕಿದ ಹೊಸ ಡ್ರೈವರ್

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ಸಣ್ಣವನು, ಸಂಬಂಧದಲ್ಲಿ ದೊಡ್ಡವನು. ಎದುರಿಗೆ ಅವನಿಗೆ ಬರ್ರಿ, ಕುಂದರ್ರಿ ಎಂದೇ ಮಾತಾಡುತ್ತೇನೆ. ಇಲ್ಲಿ ಮಾತ್ರ ಅವನು ಎಂದು ಬರೆಯುತ್ತೇನೆ. ಬರೆಯುವಾಗಲಾದರೂ ಅಷ್ಟು ಸಲುಗೆ ನನಗೆ ಬೇಕು.

ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಅವರ ಮನೆಗೆ ಹೋಗಿದ್ದೆವು. ಅಂಗಡಿಯ ಹಿಂದೆಯೇ ಮನೆ. ಹೆಂಗಸರು ಒಳಗೆ ಹೋದರು, ನಾನು ಅಂಗಡಿಯಲ್ಲಿ ಕುಳಿತೆ. ಅವನು ನಾಲ್ಕು ಮಂದಿ ಗಿರಾಕಿಗಳಿಗೆ ಕಾರ್ ರೇಸಿನ ಆಟ ಹಚ್ಚಿ ತೋರಿಸುತ್ತಿದ್ದ. ಹಿಮ ಬಿದ್ದ ಗುಡ್ಡ, ಅದರ ಸುತ್ತ ಒಂದೇ ಒಂದು ದಾರಿ, ಕೆಳಗೆ ಕೆರೆ. ಕಾರು ತಿರುವಿನಲ್ಲಿ ಬಾಗುವಾಗ ಕೆರೆಯ ನೀರಿನಲ್ಲಿ ಅದರ ದೀಪ ಕಾಣಿಸುತ್ತಿತ್ತು. ನಾನು ಹಾವೇರಿ ಜಿಲ್ಲೆ ದಾಟಿ ಹೋದದ್ದು ಕಡಿಮೆ. ಆ ದಾರಿ ನೋಡಿ ನಾನು ಸಣ್ಣ ಹುಡುಗನಂತೆ ಕುರ್ಚಿ ಮುಂದೆ ಎಳೆದುಕೊಂಡೆ.

"ನಾನೂ ಒಂದ್ ಸಲ ಓಡಿಸ್ಲೇನ್ರಿ?" ಎಂದೆ.

ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. "ಬ್ಯಾಡಗಿಯಿಂದ ಬಂದೀರಿ. ಕೈಯಾಗ ಖಾರ ಇರ್ತೈತಿ. ನಾಳೆ ಯಾರರ ಗಿರಾಕಿ ಇದನ್ನ ಮುಟ್ಟಿ ಕಣ್ಣು ತಿಕ್ಕೊಂಡ್ರ, ನಾ ಅಂಗಡಿ ಬಾಗಿಲಾ ಹಾಕಬೇಕಾಕ್ಕೈತಿ."

ನಾಲ್ಕೂ ಮಂದಿ ನಕ್ಕರು. ನಾನೂ ನಕ್ಕೆ. ಅವನು ಡ್ರಾವರಿನಿಂದ ಒಂದು ಕ್ಯಾರಿಬ್ಯಾಗ್ ತೆಗೆದು ನನ್ನ ಬಲಗೈಗೆ ತೊಡಿಸಿ ಮಣಿಕಟ್ಟಿನ ಹತ್ತಿರ ಗಂಟು ಹಾಕಿದ. ಎಡಗೈಗೆ ಇನ್ನೊಂದು. "ಹ್ಞಾಂ, ಈಗ ಆಡ್ರಿ" ಎಂದು ಜಾಯ್‌ಸ್ಟಿಕ್ ಕೊಟ್ಟ.

ಕೈಗೆ ಚೀಲ ಹಾಕಿಕೊಂಡು ನಾನು ಆಡಿದೆ. ಅವನು ಹಾಕಿದ್ದನ್ನು ಕ್ಷಮಿಸಿದರೂ ಕ್ಷಮಿಸಬಹುದು. ನಾನು ಆಡಿದ್ದನ್ನು ನನಗೆ ಕ್ಷಮಿಸಲು ಆಗಿಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಗೇಟಿನ ಕೆಲಸ ಮಾಡುತ್ತೇನೆ. ಮೊದಲು ಚೀಲ ಹೊಲಿಯುತ್ತಿದ್ದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು, ಮೂವತ್ತು ದಾಟಿದ ಮೇಲೆ ಮನೆಯಲ್ಲೇ ಓದಿ ಹೊರಗಿನಿಂದ ಪರೀಕ್ಷೆಗೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ. ಆಮೇಲೆ ಸೂಜಿ ಬಿಡಿಸಿ ಪೆನ್ನು ಕೊಟ್ಟರು, ಪೆನ್ನಿನ ನಂತರ ಕಂಪ್ಯೂಟರ್ ಕೊಟ್ಟರು. ಈಗಲೂ ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತೇನೆ. ಇದನ್ನೂ ಹಾಗೆಯೇ ಮಾಡುತ್ತಿದ್ದೇನೆ.

ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ನನಗೆ ಕೊಟ್ಟರು. ಹೊಸದನ್ನು ಜೋಡಿಸಲು ಬಂದಿದ್ದ ಮನುಷ್ಯ ನನ್ನ ಹಳೆಯದಕ್ಕೆ ಲಿನಕ್ಸ್ ಹಾಕಿಕೊಟ್ಟು, ಇದು ಯಾರೊಬ್ಬರ ಸ್ವತ್ತೂ ಅಲ್ಲ, ಒಳಗೆ ಏನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ಯಾರ ಅಪ್ಪಣೆಯೂ ಬೇಡ ಎಂದು ಹೇಳಿ ಹೋದ. ಯಾರ ಅಪ್ಪಣೆಯೂ ಬೇಡ ಎಂಬ ಮಾತು ನನಗೆ ಬಹಳ ಹಿಡಿಸಿತು. ಜೀವನದಲ್ಲಿ ಹಾಗೆ ಸಿಕ್ಕ ವಸ್ತು ನನಗೆ ಅದೊಂದೇ.

ಕ್ಯಾರಿಬ್ಯಾಗಿನ ಭಾನುವಾರ ಆದಮೇಲೆ ನನಗೆ ಒಂದೇ ಛಲ. ಆ ಆಟವನ್ನು ನನ್ನ ಮನೆಯಲ್ಲಿ, ನನ್ನ ಮಷಿನ್ನಿನಲ್ಲಿ, ಬರಿಗೈಯಲ್ಲಿ ಆಡಬೇಕು. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು, ಚಿತ್ರ ಬಿಡಿಸುವ ಕೆಲಸ ಅದರದು. ಹೊಸದನ್ನು ಕೊಳ್ಳುವ ತಾಕತ್ತಿರಲಿಲ್ಲ. ಹಳೆಯ ಕಾರ್ಡು ನನಗೆ ಸಿಗುವುದು ಅವನ ಅಂಗಡಿಯಲ್ಲಿ ಮಾತ್ರ. ಹಲ್ಲು ಕಚ್ಚಿ, ಮಷಿನ್ನಿನ ಪೆಟ್ಟಿಗೆ ಹೊತ್ತುಕೊಂಡು ಹೋದೆ.

"ಲಿನಕ್ಸಿನ್ಯಾಗ ಗೇಮ್?" ಎಂದ. "ಅದು ಪುಕ್ಕಟೆ ಸಿಗೂದು ಯಾಕಂತೀರಿ? ಯಾರಿಗೂ ಬ್ಯಾಡಾಗೈತಿ ಅದಕ್ಕ."

"ಕಾರ್ಡ್ ಹಾಕಿ ಕೊಡ್ರಿ, ಉಳಿದದ್ದು ನಾ ನೋಡ್ಕೋತೇನಿ."

"ನೋಡ್ಕೋರಿ, ನೋಡ್ಕೋರಿ. ಯಾವಾಗಲೂ ಹೊಸಾ ಡ್ರೈವರ್ ಹಾಕ್ರಿ, ಇಷ್ಟ ನೆನಪಿಡ್ರಿ" ಎಂದು ಒಂದು ಹಳೆಯ ಕಾರ್ಡನ್ನು ಪೆಟ್ಟಿಗೆಯೊಳಗೆ ಕೂಡಿಸಿ ಕೊಟ್ಟ.

ಡ್ರೈವರ್ ಎಂದರೆ ಏನು ಎಂದು ನನಗೆ ತಿಳಿದದ್ದು ಆಮೇಲೆ. ಕಾರ್ಡಿನ ಭಾಷೆ ಬೇರೆ, ಸಿಸ್ಟಮ್ಮಿನ ಭಾಷೆ ಬೇರೆ. ನಡುವೆ ನಿಂತು ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ಹೇಳುವ ತಂತ್ರಾಂಶವೇ ಡ್ರೈವರ್. ಅದು ಸರಿಯಿಲ್ಲದಿದ್ದರೆ ಎಂಥ ಕಾರ್ಡಾದರೂ ಸುಮ್ಮನೆ ಕುಳಿತಿರುತ್ತದೆ.

ನನ್ನ ಕಾರ್ಡು ಸುಮ್ಮನೆ ಕುಳಿತಿತ್ತು. ಆಟ ಹಚ್ಚಿದರೆ ಕಾರು ಓಡುತ್ತಿರಲಿಲ್ಲ. ಫೋಟೊ ಆಲ್ಬಮ್ ತಿರುವಿದ ಹಾಗೆ ಒಂದೊಂದೇ ಚಿತ್ರ ಬರುತ್ತಿತ್ತು. ಸಿಸ್ಟಮ್ಮಿನ ಜೊತೆಗೆ ಬಂದಿದ್ದ ಡ್ರೈವರ್ ಬಿಟ್ಟು ಕಾರ್ಡಿನ ಕಂಪನಿಯದು ಹಾಕಿದೆ. ಹಾಗೆಯೇ ಇತ್ತು. ಅದರಲ್ಲೇ ಬೇರೆ ನಂಬರಿನದು ಹಾಕಿದೆ. ಹಾಗೆಯೇ ಇತ್ತು. ಮೂರು ತಿಂಗಳು ಹೀಗೇ ಹೋಯಿತು.

ನಾಗರ ಪಂಚಮಿಗೆ ತವರಿಗೆ ಹೋಗಿದ್ದ ಹೆಂಡತಿಯರನ್ನು ಕರೆತರಲು ಇಬ್ಬರು ಅಳಿಯಂದಿರೂ ಹಾವೇರಿಗೆ ಮಾವನ ಮನೆಗೆ ಹೋಗಿದ್ದೆವು. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಪಡಸಾಲೆಯಲ್ಲಿ ಎಲ್ಲರೂ ಉಂಡಿ ತಿನ್ನುತ್ತ ಕುಳಿತಿದ್ದಾಗ ನಾನು ನನ್ನ ತೊಂದರೆ ಹೇಳಿದೆ. ತಪ್ಪು ಮಾಡಿದೆ.

"ಕಾರ್ಡ್ ಸತ್ತೈತಿ" ಎಂದ ಷಡ್ಡಕ, ಉಂಡಿಯ ಮೇಲಿನ ಕಣ್ಣನ್ನೂ ಎತ್ತದೆ.

"ನೀವು ನೋಡೇ ಇಲ್ಲಲ್ರಿ."

"ನೋಡೂದೇನೈತ್ರಿ? ನಾ ಕೊಟ್ಟಾಗ ಚಲೋ ಇತ್ತು. ನಿಮ್ಮ ಮನೀಗೆ ಹೋಗಿ ಖಾರಾ ಕುಡಿದು ಸತ್ತೈತಿ. ಚೀಲಾ ಹೊಲಿಯಾವರ ಕೈಗೆ ಕೊಟ್ಟದ್ದು ನಂದ ತಪ್ಪು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಮಾವ ಮಾತ್ರ ನಗಲಿಲ್ಲ, ಆದರೆ ನನ್ನ ಪರವಾಗಿ ಏನೂ ಹೇಳಲೂ ಇಲ್ಲ. ಹಿರಿಯ ಅಳಿಯನ ಮಾತಿಗೆ ಆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಆರತಿ ಅವನಿಗೆ ಮೊದಲು, ಹೋಳಿಗೆ ಅವನ ಎಲೆಗೆ ಮೊದಲು. ಅವನು ಕೇಳಿದ್ದಕ್ಕೆ ಇಲ್ಲ ಎನ್ನುವ ಪದ್ಧತಿ ಇಲ್ಲ.

ಬಸ್ಸಿನಲ್ಲಿ ಬರುವಾಗ ತೀರ್ಮಾನ ಮಾಡಿದೆ. ಕಾರ್ಡು ಸತ್ತಿರಲಿಲ್ಲ ಎಂದು ಅದೇ ಪಡಸಾಲೆಯಲ್ಲಿ, ಅದೇ ಜನರ ಮುಂದೆ, ಅವನ ಬಾಯಿಂದ ಹೇಳಿಸಬೇಕು. ನಾನು ಹೇಳಿದರೆ ಆಗದು, ಅವನೇ ಹೇಳಬೇಕು. ಅದಕ್ಕಿಂತ ಕಡಿಮೆ ಏನೂ ನನಗೆ ಸಾಲುವುದಿಲ್ಲ.

ಕೋಲ್ಡ್ ಸ್ಟೋರೇಜಿನಲ್ಲಿ ಒಂದು ರೀತಿ ಇದೆ. ಯಾವ ಮಾಲು ಒಳಗೆ ಬಂದರೂ ಅದರ ಚೀಲಕ್ಕೆ ಚೀಟಿ ಕಟ್ಟಬೇಕು: ಯಾರದು, ಯಾವ ಕೋಣೆ, ಎಂದು ಬಂತು. ಒಂದು ಮಾಲನ್ನು ಮುಗಿಸದೆ ಇನ್ನೊಂದಕ್ಕೆ ಕೈ ಹಚ್ಚಬಾರದು. ಬೆರೆತರೆ ಮತ್ತೆ ಬೇರ್ಪಡಿಸಲು ದೇವರಿಂದಲೂ ಆಗದು. ನಾನು ಅದನ್ನೇ ಮನೆಯಲ್ಲಿ ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೊಂದು ಚೀಟಿ. ಡ್ರೈವರಿನ ನಂಬರು, ಕೊಟ್ಟ ಆಜ್ಞೆ ಅಕ್ಷರಕ್ಕೆ ಅಕ್ಷರ, ಏನಾಯಿತು. ಎಲ್ಲವನ್ನೂ ಸುತಳಿಗೆ ಪೋಣಿಸಿ ಗೋಡೆಗೆ ತೂಗು ಹಾಕಿದೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಒಂದು ತಾಸು. ಶನಿವಾರ ಹೆಂಡತಿ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋದಾಗ ಎರಡು ತಾಸು.

ಇಂಟರ್‌ನೆಟ್ಟಿನಲ್ಲಿ ಲಿನಕ್ಸಿನವರು ಒಬ್ಬರಿಗೊಬ್ಬರು ಉತ್ತರ ಹೇಳುವ ಜಾಗ ಇದೆ. ಫೋನಿನ ನಿಘಂಟು ನೋಡಿ ನೋಡಿ ನನ್ನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದೆ. ಬರೆಯಲು ಎರಡು ಬೆಳಗು ಬೇಕಾಯಿತು. ಯಾವ ದೇಶದವನೋ, ಒಬ್ಬ ಉತ್ತರ ಬರೆದ. ನನ್ನ ಇಂಗ್ಲಿಷಿಗೆ ನಗಲಿಲ್ಲ. ಪೆಟ್ಟಿಗೆಯ ಬೆನ್ನಿನ ಫೋಟೊ ಕಳಿಸು ಎಂದ. ಕಳಿಸಿದೆ. ಮರುದಿನ ಒಂದೇ ಸಾಲಿನ ಪ್ರಶ್ನೆ ಬಂದಿತ್ತು: ಆ ಕಂದು ಟೇಪಿನ ಹಿಂದೆ ಏನಿದೆ?

ಬ್ಯಾಡಗಿಯ ಬಗ್ಗೆ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಸುಗ್ಗಿಯಲ್ಲಿ ನಮ್ಮ ಊರಿನ ಗಾಳಿಯೇ ಖಾರ. ಕಿಟಕಿಗೆ ತೋಯಿಸಿದ ಬಟ್ಟೆ ಕಟ್ಟುತ್ತೇವೆ. ಟಿವಿ, ಮಿಕ್ಸರ್, ಹೊಲಿಗೆ ಯಂತ್ರ, ಯಾವುದರಲ್ಲಿ ತೂತಿದ್ದರೂ ಮುಚ್ಚುತ್ತೇವೆ. ಕಂಪ್ಯೂಟರ್ ಬಂದ ದಿನವೇ ನಾನು ಅದರ ಬೆನ್ನಿನಲ್ಲಿ ಬಳಸದ ತೂತುಗಳಿಗೆಲ್ಲ ಪ್ಯಾಕಿಂಗ್ ಟೇಪ್ ಹಚ್ಚಿದ್ದೆ. ರಾಣೆಬೆನ್ನೂರಿನಿಂದ ಕಾರ್ಡ್ ಹಾಕಿಸಿಕೊಂಡು ಬಂದಾಗ ಹಿಂದೆ ಮೂರು ಹೊಸ ತೂತು ಕಂಡವು. ಹೊಸ ಕಾರ್ಡಿಗೆ ನೇರ ಖಾರ ಹೋಗುತ್ತದಲ್ಲ ಎಂದು ಅವಕ್ಕೆ ಎರಡು ಪದರ ಹಚ್ಚಿದೆ. ಮಾನಿಟರಿನ ಕೇಬಲ್ಲನ್ನು ಮೊದಲಿನಿಂದ ಎಲ್ಲಿತ್ತೋ ಅಲ್ಲೇ ಚುಚ್ಚಿದೆ.

ಆ ಮೂರು ತೂತುಗಳೇ ಕಾರ್ಡಿನ ಬಾಯಿ. ಕೇಬಲ್ ಅಲ್ಲಿ ಚುಚ್ಚಬೇಕಿತ್ತು. ನಾನು ಅದರ ಬಾಯಿಗೆ ಟೇಪ್ ಹಚ್ಚಿ, ಯಾಕೆ ಮಾತಾಡುವುದಿಲ್ಲ ಎಂದು ನಾಲ್ಕೈದು ತಿಂಗಳು ಅದರ ಮೇಲೆ ಡ್ರೈವರ್ ಬದಲಿಸುತ್ತ ಕುಳಿತಿದ್ದೆ. ಚಿತ್ರ ಬಿಡಿಸುತ್ತಿದ್ದದ್ದು ಕಾರ್ಡೇ ಅಲ್ಲ, ಪೆಟ್ಟಿಗೆಯಲ್ಲಿ ಮೊದಲಿನಿಂದ ಇದ್ದ ಬಡಪಾಯಿ ಚಿಪ್ಪು.

ಟೇಪ್ ಕಿತ್ತೆ. ತಪ್ಪು ನನ್ನದೆಂದು ತಿಳಿದ ಮೇಲೆ ಅವನ ಮೇಲಿನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ನೋಡದೆ ಸತ್ತಿದೆ ಎಂದನಲ್ಲ ಎಂದು ಇನ್ನೊಂದು ದಾರಿ ಹಿಡಿದು ಮೇಲೇರಿತು. ಒಂದೇ ಒಂದು ಸಲ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ್ದರೆ ಅವನಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತಿತ್ತು.

ಕೇಬಲ್ ಸರಿಯಾದ ಮೇಲೆ ಡ್ರೈವರ್ ಆರಿಸುವ ಕೆಲಸ ನಿಜವಾಗಿ ಶುರುವಾಯಿತು. ಹಿಂದಿನ ಚೀಟಿಗಳನ್ನೆಲ್ಲ ಹರಿದು ಒಂದರಿಂದ ಎಣಿಸಿದೆ.

ಮೊದಲು ಸಿಸ್ಟಮ್ಮಿನ ಜೊತೆಗೇ ಬರುವ ಮುಕ್ತ ಡ್ರೈವರ್. ಇದನ್ನು ಎಲ್ಲೆಲ್ಲೋ ಕುಳಿತ ಜನ, ಕಂಪನಿಯವರು ಗುಟ್ಟು ಹೇಳದೆ ಇದ್ದರೂ, ಕಾರ್ಡನ್ನು ಹೊರಗಿನಿಂದ ತಟ್ಟಿ ತಟ್ಟಿ ನೋಡಿ ಬರೆದಿದ್ದಾರೆ. ನನ್ನ ಮನಸ್ಸು ಅದರ ಕಡೆಗೇ ಇತ್ತು. ಎಸ್ಸೆಸ್ಸೆಲ್ಸಿಗೆ ನಾನು ಕಟ್ಟಿದ ಹಾಗೆ ಅವರೂ ಹೊರಗಿನಿಂದ ಕಟ್ಟಿದವರಲ್ಲವೇ. ಚಿತ್ರ ಬಹಳ ಸ್ವಚ್ಛ ಬಂತು, ಎಂದೂ ಕೆಡಲಿಲ್ಲ. ಆದರೆ ನನ್ನ ಕಾರ್ಡಿನ ತಲೆಮಾರಿಗೆ ಪೂರ್ತಿ ವೇಗಕ್ಕೆ ಏರಲು ಕಂಪನಿಯ ಕೈಯಲ್ಲಿರುವ ಬೀಗದ ಕೈ ಬೇಕಂತೆ. ಅದು ಇಲ್ಲದೆ ಕಾರ್ಡು ಸದಾ ಮೊದಲನೇ ಗೇರಿನಲ್ಲೇ ಏದುತ್ತಿತ್ತು. ಕಾರು ಓಡಿತು, ಆದರೆ ಎತ್ತಿನ ಗಾಡಿಯ ಓಟ.

ಆಮೇಲೆ ಕಂಪನಿಯ ಹೊಚ್ಚಹೊಸ ಡ್ರೈವರ್. ಷಡ್ಡಕ ಹೇಳಿದ್ದಲ್ಲವೇ, ಯಾವಾಗಲೂ ಹೊಸದು. ಹಾಕಿ ಮತ್ತೆ ಚಾಲೂ ಮಾಡಿದರೆ ಪರದೆ ಕಪ್ಪು. ಏನು ಒತ್ತಿದರೂ ಕಪ್ಪು. ಎರಡು ದಿನ ಮನೆಯಲ್ಲಿ ಹೆಣ ಇಟ್ಟುಕೊಂಡ ಹಾಗಾಯಿತು. ಹೆಂಡತಿ ಅದರ ಮೇಲೆ ಟವೆಲ್ ಹೊದಿಸಿದಳು. ಕಂಪನಿಯವರೇ ಬರೆದ ಟಿಪ್ಪಣಿಯನ್ನು ಫೋನಿನಲ್ಲಿ ಶಬ್ದಕ್ಕೊಂದು ನಿಘಂಟು ನೋಡುತ್ತ ಓದಿದ ಮೇಲೆ ತಿಳಿಯಿತು. ಹೊಸ ಸಾಲಿನ ಡ್ರೈವರುಗಳಲ್ಲಿ ನನ್ನ ಕಾರ್ಡಿನಂಥ ಹಳೆಯ ಕಾರ್ಡುಗಳನ್ನು ಕೈಬಿಟ್ಟಿದ್ದರು. ಅದರ ಹಿಂದಿನ ಸಾಲನ್ನು ಹಳೆಯ ಕಾರ್ಡುಗಳಿಗಾಗಿಯೇ ಬೇರೆ ಇಟ್ಟಿದ್ದರು.

ಮೂರನೆಯದು ಆ ಹಿಂದಿನ ಸಾಲು. ಕಪ್ಪು ಪರದೆಯಿಂದ ಬರಿ ಅಕ್ಷರಗಳ ಪರದೆಗೆ ಹೋಗಲು ಮೂರು ಗುಂಡಿ ಒಟ್ಟಿಗೆ ಒತ್ತಬೇಕು. ಅಲ್ಲಿ ಕುಳಿತು ಹೊಸದನ್ನು ಕಿತ್ತು ಹಳೆಯದನ್ನು ಹಾಕಿದೆ. ಆಜ್ಞೆಗಳು ಏಳನೆಯ ಚೀಟಿಯಲ್ಲಿವೆ. ಮತ್ತೆ ಚಾಲೂ ಮಾಡಿ ಆಟ ಹಚ್ಚಿದೆ. ಹಿಮದ ಗುಡ್ಡ ಬಂತು. ಕಾರು ನೀರಿನ ಹಾಗೆ ಹರಿಯಿತು. ಕೆರೆಯಲ್ಲಿ ದೀಪ ಕಂಡಿತು. ನಾನು ಬರಿಗೈಯಲ್ಲಿ ಆಡಿದೆ.

ಮುಕ್ತ ಡ್ರೈವರ್ ಬಿಟ್ಟು ಕಂಪನಿಯ ಮುಚ್ಚಿದ ಡ್ರೈವರ್ ಇಟ್ಟುಕೊಂಡೆನಲ್ಲ ಎಂದು ಒಂದು ಮುಳ್ಳು ಮನಸ್ಸಿನಲ್ಲಿ ಉಳಿಯಿತು. ಬರೀ ಆಟಕ್ಕಾಗಿ ಆಗಿದ್ದರೆ ಬಿಡುತ್ತಿರಲಿಲ್ಲವೇನೋ. ನನಗೆ ಬೇಕಾಗಿದ್ದದ್ದು ಹಾವೇರಿಯ ಪಡಸಾಲೆ.

ದೀಪಾವಳಿ ಪಾಡ್ಯದ ದಿನ ಮಾವನ ಮನೆಯಲ್ಲಿ ಅಳಿಯಂದಿರಿಗೆ ಆರತಿ. ಪೆಟ್ಟಿಗೆಯನ್ನು ತೊಳೆದ ಗೋಣಿಚೀಲದಲ್ಲಿ ಸುತ್ತಿ, ಮೋಟೆಬೆನ್ನೂರಿನ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಚೀಟಿಯ ಸರವನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಷಡ್ಡಕ ಬಾಗಿಲಲ್ಲೇ ಇದ್ದ.

"ಏನ್ರಿ ಸಡ್ಡಕರ, ಹಬ್ಬಕ್ಕ ಮೆಣಸಿನಕಾಯಿ ಚೀಲ ತಂದೀರಿ?"

"ನೀವು ಕೊಟ್ಟ ಕಾರ್ಡ್ ಐತ್ರಿ ಒಳಗ."

"ಅಯ್ಯ, ಅದರ ದಿವಸಾ ಇನ್ನಾ ಮಾಡಿ ಮುಗಿಸಿಲ್ಲೇನು?"

ಮಾವ ಒಳಗಿನಿಂದ ಬಂದರು. "ಸತ್ತದ್ದನ್ನ ತೊಡಿ ಮ್ಯಾಲಿಟ್ಕೊಂಡು ಬಸ್ಸಿನ್ಯಾಗ ಬರಾಕ ಇವರಿಗೇನು ಹುಚ್ಚೇನಪಾ. ಆರತಿ ಮುಗೀಲಿ, ಹಚ್ಚಿ ನೋಡೂಣು."

ಆರತಿ ಮುಗಿಯಿತು, ಅವನಿಗೆ ಮೊದಲು, ನನಗೆ ಆಮೇಲೆ. ಪೆಟ್ಟಿಗೆಯನ್ನು ಪಡಸಾಲೆಯ ದೊಡ್ಡ ಟಿವಿಗೆ ಜೋಡಿಸಿದೆ. ಅತ್ತೆ, ಅಕ್ಕತಂಗಿಯರು, ಮಾವ, ಷಡ್ಡಕ, ಎಲ್ಲರೂ ಕುಳಿತರು. ಆಟ ಹಚ್ಚಿದೆ. ಗುಡ್ಡವನ್ನು ಒಂದು ಸುತ್ತು ಹಾಕಿದೆ.

"ರೋಡ್ ಚಲೋ ಮಾಡ್ಯಾರ" ಎಂದರು ಮಾವ. "ನಮಗ ಇಂಥಾ ರೋಡ್ ಇದ್ದಿದ್ರ ಬಸ್ಸಿನ ಸ್ಪ್ರಿಂಗ್ ಪಾಟಾ ಬದಲ್ ಮಾಡೂದರಾಗ ನನ್ನ ನಡಾ ಹೋಕ್ಕಿದ್ದಿಲ್ಲ."

ಷಡ್ಡಕ ಹೋಳಿಗೆ ತಿನ್ನುತ್ತ ಮುಂದೆ ಬಾಗಿ ನೋಡುತ್ತಿದ್ದ. "ಯಾವ ಡ್ರೈವರ್ ಹಾಕೀರಿ?"

ನಂಬರು ಹೇಳಿದೆ.

"ಅಂದ್ರ ಹಳೇದು. ಅದಕ್ಕ ನೋಡ್ರಿ, ಅಲ್ಲಲ್ಲಿ ಜಗ್ಗತೈತಿ. ಹೊಸಾದು ಹಾಕಿದ್ರ ಇದರ ಎರಡ ಪಟ್ಟು ಓಡತೈತಿ. ಸರೀರಿ, ನಾ ಹಾಕ್ತೇನಿ."

ಎಲ್ಲಿಯೂ ಜಗ್ಗುತ್ತಿರಲಿಲ್ಲ. ಅದು ಅವನಿಗೂ ಕಾಣುತ್ತಿತ್ತು.

ನಾನು ತಿಂಗಳುಗಟ್ಟಲೆ ಒಂದು ಮಾತನ್ನು ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಅವನು ನನ್ನ ಮಷಿನ್ನು ಮುಟ್ಟಲು ಬಂದರೆ, ಮೊದಲು ಕೈ ತೊಳಕೊಂಡು ಬರ್ರಿ ಎನ್ನಬೇಕು ಎಂದು. ಆದರೆ ಅವನು ತಾನಾಗಿಯೇ ಎದ್ದು ಬಚ್ಚಲಿಗೆ ಹೋಗಿ, ಹೋಳಿಗೆಯ ತುಪ್ಪ ತೊಳೆದುಕೊಂಡು, ಟವೆಲಿಗೆ ಒರೆಸಿಕೊಂಡು ಬಂದು ಕುಳಿತುಬಿಟ್ಟ. ಆ ಮಾತು ಆಡದೆಯೇ ಉಳಿಯಿತು.

"ಪಾಸ್‌ವರ್ಡ್ ಹೇಳ್ರಿ" ಎಂದ.

ನನ್ನ ಹೆಂಡತಿ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎರಡು ದಿನದ ಕಪ್ಪು ಪರದೆಯನ್ನು ಅವಳು ನೋಡಿದವಳು. "ರೀ, ಅದನ್ನ ಹಾಕಿದ್ರ..." ಎಂದು ಬಾಯಿ ತೆರೆದಳು.

"ಹಿರೇ ಅಳಿಯಾರು ಕೇಳಾಕತ್ತಾರ. ಇಲ್ಲ ಅನ್ನಾಕ ಆಕ್ಕೈತೇನು" ಎಂದು ಅವಳ ಮಾತು ಕತ್ತರಿಸಿ ಪಾಸ್‌ವರ್ಡ್ ಹೇಳಿದೆ. ಒಂದೊಂದೇ ಅಕ್ಷರ ಬಿಡಿಸಿ, ತಪ್ಪಾಗದಂತೆ ಹೇಳಿದೆ.

ತನ್ನ ಫೋನಿನ ಇಂಟರ್‌ನೆಟ್ ಜೋಡಿಸಿಕೊಂಡು ಶುರು ಮಾಡಿದ. ಅವನ ಬೆರಳು ಬಹಳ ಚುರುಕು. ಹತ್ತೂ ಬೆರಳು ಓಡುತ್ತವೆ. ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು, ಆಡಲಿಲ್ಲ. ಗೋಡೆಗೆ ಆತು ಕುಳಿತು ಕಾಲು ಚಾಚಿದೆ.

ಮಷಿನ್ನು ಮತ್ತೆ ಚಾಲೂ ಆಯಿತು. ಟಿವಿ ಕಪ್ಪಾಯಿತು.

"ಎರಡ ನಿಮಿಷ" ಎಂದ. ಮತ್ತೆ ಆರಿಸಿ ಹಚ್ಚಿದ. ಕಪ್ಪು. ಕೇಬಲ್ ಲೂಸ್ ಇರಬೇಕು ಎಂದ, ಬಿಚ್ಚಿ ಚುಚ್ಚಿದ. ಕರೆಂಟಿನ ವೋಲ್ಟೇಜ್ ಕಡಿಮೆ ಇರಬೇಕು ಎಂದ. ಟಿವಿಯದೇ ದೋಷ ಎಂದ.

"ಟಿವಿ ಕೆಟ್ಟಿತೇನ್ರಿ?" ಎಂದು ಅತ್ತೆ ಗಾಬರಿಯಾದರು. "ಸಂಜೀಗೆ ನನ್ನ ಧಾರಾವಾಹಿ ಐತಿ."

ಅವನು ಫೋನ್ ತೆಗೆದು ಹುಡುಕತೊಡಗಿದ. ಅಂಗಿಯ ಬೆನ್ನು ತೊಯ್ದಿತ್ತು. ಅರ್ಧ ತಾಸು ಆಯಿತು. ನಾನು ಒಂದು ಕರಚಿಕಾಯಿ ತಿಂದೆ. ಖರೇ ಹೇಳಬೇಕೆಂದರೆ ಅಷ್ಟು ರುಚಿಯಾದ ಕರಚಿಕಾಯಿಯನ್ನು ನಾನು ಇನ್ನೂವರೆಗೆ ತಿಂದಿಲ್ಲ.

ಕೊನೆಗೆ ಅವನು ಫೋನ್ ಕೆಳಗಿಟ್ಟ. "ನಾ ಪಂಚಮಿಗೇ ಹೇಳಿದ್ನಲ್ರಿ. ಕಾರ್ಡ್ ಸತ್ತೈತಿ."

ಮಾವ ಕನ್ನಡಕ ತೆಗೆದರು. "ಈಗ ಅರ್ಧಾ ತಾಸಿನ ಹಿಂದ ಓಡತಿತ್ತಲ್ಲಪಾ. ನೀವು ಕುಂತ ಮ್ಯಾಲೆ ಸತ್ತೀತೇನು?"

ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

"ಸರೀರಿ" ಎಂದು ನಾನು ಹೋಗಿ ಕುಳಿತೆ. ಮೂರು ಗುಂಡಿ ಒತ್ತಿದೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಬಂದವು. ಜೇಬಿನಿಂದ ಚೀಟಿಯ ಸರ ತೆಗೆದು ಅವನ ಕೈಗೆ ಕೊಟ್ಟೆ.

"ಸಡ್ಡಕರ, ಅದರಾಗ ಏಳನೇ ಚೀಟಿ ಓದ್ರಿ. ನನಗ ಇಂಗ್ಲಿಷ್ ಲಗೂನ ಬರೂದಿಲ್ಲ."

ಆ ಚೀಟಿ ನನಗೆ ಬಾಯಿಪಾಠ ಇತ್ತು. ಆದರೂ ಓದಿಸಿದೆ. ಅವನು ಒಂದೊಂದೇ ಅಕ್ಷರ ಓದಿದ, ನಾನು ಎರಡು ಬೆರಳಿನಲ್ಲಿ ಹೊಡೆದೆ. ನಾನು ಮೊದಲೇ ನಿಧಾನ. ಅವತ್ತು ಅದಕ್ಕಿಂತಲೂ ನಿಧಾನ ಹೊಡೆದೆ. ನಡುನಡುವೆ "ಇನ್ನೊಮ್ಮೆ ಹೇಳ್ರಿ, ಕೇಳಿಸಲಿಲ್ಲ" ಎಂದೆ. ಅವನು ಮತ್ತೆ ಹೇಳಿದ. ಅವನ ಹೆಂಡತಿ ಎದ್ದು ಒಳಗೆ ಹೋದಳು.

ಹೊಸ ಡ್ರೈವರ್ ಹೋಯಿತು, ಹಳೆಯದು ಬಂತು. ಮಷಿನ್ನು ಚಾಲೂ ಆಯಿತು. ಗುಡ್ಡ ಬಂತು, ಹಿಮ ಬಂತು.

"ಹಂಗಾರ ಕಾರ್ಡ್ ಸತ್ತಿಲ್ಲ" ಎಂದರು ಮಾವ. ನನಗಲ್ಲ, ಅವನಿಗೆ.

"ಇಲ್ರಿ ಮಾವಾರ" ಎಂದ ಅವನು. ದನಿ ಸಣ್ಣದಾಗಿತ್ತು. "ಡ್ರೈವರ್ ತಪ್ಪಾಗಿತ್ತು. ಪಂಚಮಿಗೂ ನಾ ನೋಡದ ಹೇಳಿದ್ದೆ. ಇವರದೇನೂ ತಪ್ಪಿಲ್ಲ, ನಂದ ತಪ್ಪು."

ಬೇಕಾದದ್ದು ಬಂದಿತ್ತು. ಅದೇ ಪಡಸಾಲೆ, ಅದೇ ಜನ, ಅವನದೇ ಬಾಯಿ. ನಾನು ಬೇಡಿದ್ದಕ್ಕಿಂತ ಒಂದು ಮಾತು ಹೆಚ್ಚೇ ಆಡಿದ್ದ. ಇವರದೇನೂ ತಪ್ಪಿಲ್ಲ ಎಂದನಲ್ಲ, ಅಲ್ಲಿ ನಾನು ಬಾಯಿ ತೆರೆಯಬೇಕಿತ್ತು. ಪಂಚಮಿಯ ಹೊತ್ತಿಗೆ ಕಾರ್ಡಿನ ಬಾಯಿಗೆ ಟೇಪ್ ಹಚ್ಚಿದವನು ನಾನೇ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ.

"ಇರ್ಲಿ ಬಿಡ್ರಿ" ಎಂದೆ, ದೊಡ್ಡ ಮನುಷ್ಯನಂತೆ.

ಮರಳಿ ಬರುವಾಗ ಬಸ್ಸಿನಲ್ಲಿ ಹೆಂಡತಿ "ಟೇಪಿನ ಮಾತು ಹೇಳಲೇ ಇಲ್ಲ ನೀವು" ಎಂದಳು.

"ಯಾರೂ ಕೇಳಲಿಲ್ಲ."

"ಅಕ್ಕ ಅಡಗಿಮನ್ಯಾಗ ಅತ್ತಳು."

ನಾನು ಕಿಟಕಿಯ ಹೊರಗೆ ನೋಡಿದೆ. "ಅವತ್ತ ಕೈಗೆ ಚೀಲಾ ಕಟ್ಟಿದಾಗ ನಾ ಎಲ್ಲಿ ಹೋಗಿ ಅಳಬೇಕಾಗಿತ್ತು?"

"ಬರೂಮುಂದ ಬಸ್ಸಿನ್ಯಾಗ ಅತ್ತಿದ್ರಿ" ಎಂದಳು. "ಗಾಳೀಗೆ ಕಣ್ಣಾಗ ಕಸಾ ಬಿತ್ತು ಅಂದಿದ್ರಿ. ನಾ ಸುಮ್ಕಿದ್ದೆ." ನನ್ನ ತೊಡೆಯ ಮೇಲಿನ ಗೋಣಿಚೀಲ ಸರಿಮಾಡಿ, "ಈಗರ ಸಮಾಧಾನ ಆತೇನು?" ಎಂದಳು.

ಆಗಿದೆ ಎಂದೆ. ಸುಳ್ಳಲ್ಲ, ಆಗಿತ್ತು. ಅಷ್ಟಕ್ಕೇ ಮುಗಿಯುತ್ತದೆ ಎಂದು ಆಗ ನನಗೆ ಅನಿಸಿತ್ತು.

ಈಗ ಅವನ ಅಂಗಡಿಗೂ ಲಿನಕ್ಸ್ ಹಾಕಿಸಿಕೊಳ್ಳುವವರು ಬರುತ್ತಾರೆ. ಹಳೆಯ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹತ್ತದಂತಾಗಿ ಜನಕ್ಕೆ ಬೇರೆ ದಾರಿಯಿಲ್ಲ. ಯಾವ ಕಾರ್ಡಿಗೆ ಯಾವ ಡ್ರೈವರ್ ಎಂದು ಅವನು ನನಗೆ ಫೋನ್ ಮಾಡುತ್ತಾನೆ. ಮೊದಲ ಸಲಕ್ಕೆ ನಾನು ಎತ್ತುವುದಿಲ್ಲ. ಕೈಯಲ್ಲಿ ಕೆಲಸವಿಲ್ಲದಿದ್ದರೂ ಎತ್ತುವುದಿಲ್ಲ. ಎರಡನೆಯ ಸಲಕ್ಕೆ ಎತ್ತುತ್ತೇನೆ. ಸರಿಯಾದ ಉತ್ತರವನ್ನೇ ಹೇಳುತ್ತೇನೆ. ತಪ್ಪು ಹೇಳಿದರೆ ಇವರಿಗೇನು ಗೊತ್ತು ಎಂದು ಹೇಳಲು ಅವನಿಗೆ ದಾರಿ ಸಿಗುತ್ತದೆ. ಆ ದಾರಿಯನ್ನು ನಾನು ಬಿಟ್ಟುಕೊಡುವವನಲ್ಲ. ಅದಕ್ಕಾಗಿಯೇ ದಿನಾ ಬೆಳಿಗ್ಗೆ ಕುಳಿತು ಹೊಸ ಟಿಪ್ಪಣಿಗಳನ್ನು ಓದುತ್ತೇನೆ. ಹಗೆಯ ನೆಪದಲ್ಲಿ ನನ್ನ ಇಂಗ್ಲಿಷ್ ಸುಧಾರಿಸಿದೆ.

ಟೇಪಿನ ವಿಷಯ ಹೇಳಬೇಕು ಎಂದು ಪ್ರತಿ ಸಲವೂ ಅನಿಸುತ್ತದೆ. ಫೋನ್ ಇಟ್ಟ ಮೇಲೆ ಅನಿಸುತ್ತದೆ.

ಹೋದ ವಾರ ಫೋನ್ ಬಂದಾಗ ಅವನ ಎದುರಿಗೆ ಗಿರಾಕಿ ಕುಳಿತಿದ್ದ. "ತಡೀರಿ, ನಮ್ಮ ಸಡ್ಡಕರನ್ನ ಕೇಳ್ತೇನಿ, ಅವರಿಗೆ ಗೊತ್ತಿರ್ತೈತಿ" ಎಂದು ಗಿರಾಕಿಗೆ ಹೇಳಿದ್ದು ನನಗೂ ಕೇಳಿಸಿತು. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಹುಡುಕಿದರೂ ಸಿಗಲಿಲ್ಲ. ಕಾರ್ಡಿನ ಮೇಲಿನ ಹೆಸರು, ನಂಬರು ಪೂರ್ತಿ ಓದಿ ಹೇಳಿದ. ನನಗೆ ಮೊದಲ ನಾಲ್ಕು ಅಂಕಿಗೇ ಗೊತ್ತಾಗಿತ್ತು: ಹಿಂದಿನ ಸಾಲು, ಹೊಸದಲ್ಲ.

"ಕೇಳಿಸಲಿಲ್ಲರಿ" ಎಂದೆ. "ಮೊದಲಿನಿಂದ ಇನ್ನೊಮ್ಮೆ ಓದ್ರಿ. ಸ್ವಲ್ಪ ಗಟ್ಟಿ."

ಅವನು ಗಟ್ಟಿಯಾಗಿ ಓದತೊಡಗಿದ.